ನೋಡದವರ ಹಣ: ಶಿಡ್ಲಘಟ್ಟದ ಒಂದು ಕೇಬಲ್ ವ್ಯವಹಾರ ಪಾಲಾದ ಬಗೆ

2025ರ ಜೂನ್ ತಿಂಗಳ ಒಂದು ಸಂಜೆ ಶಿಡ್ಲಘಟ್ಟದ ಅಣ್ಣ ತಮ್ಮಂದಿರಿಬ್ಬರು ಚಿಕ್ಕಬಳ್ಳಾಪುರದ ನನ್ನ ಕಚೇರಿಗೆ ಬಂದರು. ಮೂವತ್ತು ವರ್ಷಗಳಿಂದ ಒಟ್ಟಿಗೆ ನಡೆಸಿಕೊಂಡು ಬಂದ ಕೇಬಲ್ ವ್ಯವಹಾರವನ್ನು ಪಾಲು ಮಾಡಿಕೊಡಬೇಕು ಎಂಬುದು ಅವರ ಕೋರಿಕೆ. ಟಿವಿ ಕೇಬಲ್ ಅಣ್ಣನಿಗೆ, ಈಚೆಗೆ ಎಳೆದ ಫೈಬರ್ ಇಂಟರ್‌ನೆಟ್ ತಮ್ಮನಿಗೆ. ಜಗಳವೇನೂ ಇರಲಿಲ್ಲ, ಬಂದದ್ದೂ ಒಂದೇ ಬೈಕಿನಲ್ಲಿ. ನಾನು ತೆರಿಗೆ ಮತ್ತು ಲೆಕ್ಕಪತ್ರದ ಕೆಲಸ ಮಾಡುವವನು, ಅವರ ಪುಸ್ತಕಗಳನ್ನು ಬಹಳ ವರ್ಷಗಳಿಂದ ನೋಡಿಕೊಳ್ಳುತ್ತಿರುವವನು. ಪಾಲುಪಟ್ಟಿ ಬರೆಯಲು ಡಿಸೆಂಬರ್‌ವರೆಗೆ ಹಿಡಿಯಿತು.

ಅದೇ ಜೂನ್‌ನಲ್ಲಿ ಅಮೆರಿಕದ ವಾರ್ನರ್ ಬ್ರದರ್ಸ್ ಡಿಸ್ಕವರಿ ಕಂಪನಿ ತಾನು ಎರಡು ಹೋಳಾಗುವುದಾಗಿ ಪ್ರಕಟಿಸಿತ್ತು. ಸಿನಿಮಾ ಸ್ಟುಡಿಯೊ, ಎಚ್‌ಬಿಒ ಮತ್ತು ಸ್ಟ್ರೀಮಿಂಗ್ ಒಂದು ಕಡೆ. ಸಿಎನ್‌ಎನ್, ಡಿಸ್ಕವರಿಯಂಥ ಕೇಬಲ್ ವಾಹಿನಿಗಳು ಇನ್ನೊಂದು ಕಡೆ. ಡಿಸ್ಕವರಿಯಾಗಲಿ ಕಾರ್ಟೂನ್ ನೆಟ್‌ವರ್ಕ್ ಆಗಲಿ ಈ ಅಣ್ಣ ತಮ್ಮಂದಿರ ತಂತಿಯಲ್ಲೇ ಶಿಡ್ಲಘಟ್ಟದ ಮನೆಗಳಿಗೆ ಹರಿದಂಥವು. ಪತ್ರಿಕೆಯಲ್ಲಿ ಆ ಸುದ್ದಿ ಓದಿದಾಗ ನನಗೆ ಅದು ದೂರದ ಊರಿನದು ಅನ್ನಿಸಲಿಲ್ಲ. ಆರು ತಿಂಗಳು ಎರಡೂ ಪಾಲುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಯೋಚಿಸಿದೆ. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಬೀದಿ, ಸಾಲದ ಮೊತ್ತಗಳನ್ನು ಬಿಟ್ಟಿದ್ದೇನೆ.

ಒಂದೇ ತಂತಿ, ಒಂದೇ ದರ

ತಂದೆಯದು ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ. 1990ರ ದಶಕದ ಆರಂಭದಲ್ಲಿ ಅಣ್ಣ ಒಂದು ವಿಸಿಆರ್ ಕೊಂಡು, ಸುತ್ತಲಿನ ಮನೆಗಳಿಗೆ ತಂತಿ ಎಳೆದು, ರಾತ್ರಿ ಒಂದು ಸಿನಿಮಾ ಹಾಕತೊಡಗಿದರು. 1994ರಲ್ಲಿ ಉದಯ ಟಿವಿ ಬಂದಾಗ ಮಾಳಿಗೆಯ ಮೇಲೆ ದೊಡ್ಡ ಡಿಶ್ ಕೂತಿತು. 1995ರ ಕೇಬಲ್ ಕಾಯ್ದೆ ಬಂದ ಮೇಲೆ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಿದರು. ಆ ಮೊದಲ ರಸೀದಿ ಇವತ್ತಿಗೂ ಅವರ ಕಡತದಲ್ಲಿದೆ.

ಶಿಡ್ಲಘಟ್ಟದಲ್ಲಿ ಕೇಬಲ್ ನಡೆಸುವುದೆಂದರೆ ಮೂರು ಭಾಷೆಗಳಿಗೆ ಉತ್ತರ ಹೇಳುವುದು. ಅಂಗಡಿಯ ಫಲಕ, ಶಾಲೆ, ಕಚೇರಿ ಕನ್ನಡದಲ್ಲಿ. ಎಷ್ಟೋ ಮನೆಗಳ ಅಡುಗೆಮನೆಯ ಮಾತು ತೆಲುಗಿನಲ್ಲಿ. ನೂಲು ತೆಗೆಯುವ ಎಷ್ಟೋ ಕುಟುಂಬಗಳ ಮಾತು ಉರ್ದುವಿನಲ್ಲಿ. ಸೊಸೆ ಕನ್ನಡ ಧಾರಾವಾಹಿ ನೋಡುವ ಮನೆಯಲ್ಲೇ ಅತ್ತೆಗೆ ತೆಲುಗು ಧಾರಾವಾಹಿ ಬೇಕು. ಹಳೆಯ ಅನಲಾಗ್ ಕಾಲದಲ್ಲಿ ಇದು ತೊಡಕೇ ಆಗಿರಲಿಲ್ಲ. ಒಂದೇ ತಂತಿಯಲ್ಲಿ ಎಲ್ಲವೂ ಬರುತ್ತಿದ್ದವು, ಎಲ್ಲರಿಗೂ ಒಂದೇ ದರ. ತಿಂಗಳ ಮೊದಲ ವಾರ ತಮ್ಮನೇ ಹಳದಿ ಕಲೆಕ್ಷನ್ ಕಾರ್ಡು ಹಿಡಿದು ಬೀದಿ ಸುತ್ತುತ್ತಿದ್ದರು.

ಆ ಒಂದೇ ದರದ ಒಳಗುಟ್ಟನ್ನು ಬಿಡಿಸಿ ನೋಡಬೇಕು, ಏಕೆಂದರೆ ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ. ತೆಲುಗು ವಾಹಿನಿಯನ್ನು ಎಂದೂ ನೋಡದ ಮನೆಯೂ ಅದಕ್ಕೆ ಹಣ ಕೊಡುತ್ತಿತ್ತು. ಇಂಗ್ಲಿಷ್ ಸಿನಿಮಾ ಬರುವುದು ಯಾವ ಸಂಖ್ಯೆಯಲ್ಲಿ ಎಂದು ಗೊತ್ತಿಲ್ಲದವರೂ ಅದಕ್ಕೆ ಕೊಡುತ್ತಿದ್ದರು. ಅಣ್ಣ ಒಮ್ಮೆ ಹೇಳಿದರು: "ಯಾರು ಏನು ನೋಡುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ ಸಾರ್. ಯಾರು ಕೊಡುತ್ತಾರೆ, ಯಾರು ಮುಂದಿನ ತಿಂಗಳು ಅನ್ನುತ್ತಾರೆ ಎಂಬುದಷ್ಟೇ ಗೊತ್ತಿತ್ತು." ನೋಡದವರು ಕೊಟ್ಟ ಹಣವೇ ಈ ವ್ಯವಹಾರದ ನಿಜವಾದ ಬಂಡವಾಳವಾಗಿತ್ತು. ಹಾಲಿವುಡ್‌ಗೂ ಅದೇ ಬಂಡವಾಳವಾಗಿತ್ತು ಎಂಬುದು ಈ ಅಧ್ಯಯನದಿಂದ ನಾನು ಕಂಡುಕೊಂಡದ್ದು.

ಆ ಕಾಲವನ್ನು ಚಿನ್ನದ ಕಾಲವೆಂದು ನಾನು ಕರೆಯಲಾರೆ. ದೇಶದ ಎಲ್ಲೆಡೆಯಂತೆ ಇಲ್ಲಿಯೂ ಎಷ್ಟು ಮನೆಗಳಿವೆ ಎಂಬುದಕ್ಕೆ ಆಪರೇಟರ್ ಹೇಳಿದ್ದೇ ಲೆಕ್ಕ. ವಾಹಿನಿಗಳಿಗೆ ಹೇಳಿದ ಸಂಖ್ಯೆಯೂ ಕಾರ್ಡುಗಳ ಸಂಖ್ಯೆಯೂ ಒಂದೇ ಆಗಿರಲಿಲ್ಲ. ಡಿಜಿಟಲ್ ವ್ಯವಸ್ಥೆ ಬಂದು ಮನೆಮನೆಗೆ ಸೆಟ್ ಟಾಪ್ ಬಾಕ್ಸ್ ಕೂತ ಮೇಲೆ, 2016-17ರ ಹೊತ್ತಿಗೆ, ಪ್ರತಿ ಮನೆಯೂ ಎಣಿಕೆಗೆ ಸಿಕ್ಕಿತು. ಸಿಗ್ನಲ್ ಕೊಡುವ ದೊಡ್ಡ ಎಂಎಸ್‌ಒ ಕಂಪನಿ ಯಜಮಾನನಾಯಿತು, ಅಣ್ಣ ಕಮಿಷನ್ ಪಡೆಯುವವರಾದರು. ಕಂಟ್ರೋಲ್ ರೂಮಿನಲ್ಲಿದ್ದ ಸಲಕರಣೆಯಲ್ಲಿ ಅರ್ಧಕ್ಕರ್ಧ ಮೂಲೆ ಸೇರಿತು.

153 ರೂಪಾಯಿ 40 ಪೈಸೆ

2019ರ ಫೆಬ್ರುವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ನೀತಿ ಜಾರಿಗೆ ಬಂತು. ನೋಡುವ ವಾಹಿನಿಗಷ್ಟೇ ಹಣ ಕೊಡಿ ಎಂಬುದು ಅದರ ಆಶಯ. 100 ವಾಹಿನಿಗಳ ಮೂಲ ಶುಲ್ಕ 130 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 153 ರೂಪಾಯಿ 40 ಪೈಸೆ. ಹಣ ಪಾವತಿಸಿ ನೋಡುವ ವಾಹಿನಿಗಳ ದರ ಇದರ ಮೇಲೆ ಬೇರೆ. ಬೇರೆ ಒಪ್ಪಂದ ಇಲ್ಲದಿದ್ದರೆ ಆ 130ರಲ್ಲಿ ಶೇ 55 ಎಂಎಸ್‌ಒಗೆ, ಶೇ 45 ಸ್ಥಳೀಯ ಆಪರೇಟರ್‌ಗೆ, ಅಂದರೆ 58 ರೂಪಾಯಿ 50 ಪೈಸೆ. ಕಂಬಕ್ಕೆ ಬಾಡಿಗೆ, ಆಂಪ್ಲಿಫೈಯರ್‌ಗೆ ವಿದ್ಯುತ್, ಲೈನ್‌ಮನ್‌ನ ಸಂಬಳ, ಮಳೆಗಾಲದಲ್ಲಿ ಕಡಿದು ಬೀಳುವ ತಂತಿ, ಎಲ್ಲವೂ ಇದರಲ್ಲೇ ನಡೆಯಬೇಕು. ಪಾವತಿ ವಾಹಿನಿಗಳ ಮಾರಾಟದಿಂದ ಸ್ವಲ್ಪ ಕಮಿಷನ್ ಸೇರುತ್ತದೆ, ಅಷ್ಟೆ.

ನೀತಿ ಬರೆದವರ ಕಣ್ಣಿಗೆ ನಮ್ಮ ಗಡಿನಾಡಿನ ಮನೆ ಬಿದ್ದಿರಲಿಲ್ಲ ಎಂದು ನಾನು ಹೇಳುತ್ತೇನೆ. ವಾಹಿನಿ ಕಂಪನಿಗಳು ತಮ್ಮ ಪ್ಯಾಕ್‌ಗಳನ್ನು ಭಾಷಾವಾರು ಕಟ್ಟಿದವು: ಕನ್ನಡ ಪ್ಯಾಕ್, ತೆಲುಗು ಪ್ಯಾಕ್, ಹಿಂದಿ ಪ್ಯಾಕ್. ಮಂಡ್ಯದ ಮನೆಗೆ ಒಂದು ಸಾಕು. ಶಿಡ್ಲಘಟ್ಟದ ಮನೆಗೆ ಎರಡು ಬೇಕು, ಅದೂ ಎರಡು ಮೂರು ಕಂಪನಿಗಳಿಂದ. ಆಯ್ಕೆಯ ಸ್ವಾತಂತ್ರ್ಯ ಎಂದು ಹೇಳಿ ತಂದ ವ್ಯವಸ್ಥೆಯಲ್ಲಿ ಎರಡು ಭಾಷೆ ಆಡುವ ಮನೆ ಹೆಚ್ಚು ದಂಡ ತೆತ್ತಿತು. ಆ ಮಾರ್ಚ್ ತಿಂಗಳಲ್ಲಿ ಬಿಲ್ಲು ಹಿಡಿದು ಬೀದಿಗೆ ಹೋದ ತಮ್ಮ, ಮನೆಯಂಗಳಗಳಲ್ಲಿ ನಿಂತು ಬೈಸಿಕೊಂಡು ಬಂದರು. "ದರ ದೆಹಲಿಯಲ್ಲಿ ನಿಗದಿಯಾಯಿತು, ಬೈಗುಳ ಮಾತ್ರ ನಮ್ಮ ಬೀದಿಯಲ್ಲೇ ಸಿಕ್ಕಿತು" ಎಂದು ಅವರು ಈಗಲೂ ನೊಂದು ಹೇಳುತ್ತಾರೆ. ಅತ್ತೆಯ ತೆಲುಗು ಪ್ಯಾಕ್ ತೆಗೆಸಿದ ಮನೆಗಳಿದ್ದವು. ಅತ್ತೆಗೆ ಮೊಮ್ಮಗ ಮೊಬೈಲ್‌ನಲ್ಲಿ ಅದೇ ಧಾರಾವಾಹಿ ಹಾಕಿಕೊಟ್ಟ. ಸ್ಟ್ರೀಮಿಂಗ್ ನಮ್ಮ ಕಡೆ ಮನೆಯೊಳಗೆ ಕಾಲಿಟ್ಟದ್ದು ಹೀಗೆ ಎಂಬುದು ನನ್ನ ದೃಢ ಅಭಿಪ್ರಾಯ.

ಮೊಬೈಲ್ ಡೇಟಾ ಅಷ್ಟರಲ್ಲಿ ಅಗ್ಗವಾಗಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದಿತ್ತು. ನಂತರದ ದೊಡ್ಡ ಪೆಟ್ಟು ಐಪಿಎಲ್. 2023ರಿಂದ 2027ರವರೆಗಿನ ಐಪಿಎಲ್ ಹಕ್ಕನ್ನು 2022ರಲ್ಲಿ ಹರಾಜು ಹಾಕಿದಾಗ ಭಾರತದ ಟಿವಿ ಹಕ್ಕು 23,575 ಕೋಟಿ ರೂಪಾಯಿಗೆ ಡಿಸ್ನಿಯ ಸ್ಟಾರ್ ಪಾಲಾಯಿತು, ಡಿಜಿಟಲ್ ಹಕ್ಕು ರಿಲಯನ್ಸ್‌ನ ವಯಾಕಾಂ18 ಪಾಲಾಯಿತು. 2023ರಲ್ಲಿ ಪಂದ್ಯಗಳು ಜಿಯೊಸಿನಿಮಾದಲ್ಲಿ ಉಚಿತ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾಕಿ ತೀರಿಸಿ ಬಾಕ್ಸ್ ಚಾಲೂ ಮಾಡಿಸುವುದು ನೂಲಿನ ಘಟಕಗಳ ಹುಡುಗರ ವಾಡಿಕೆಯಾಗಿತ್ತು. ಆ ವರ್ಷ ಅವರು ಬರಲಿಲ್ಲ. ಕಲೆಕ್ಷನ್ ಪುಸ್ತಕದ ಆ ಎರಡು ಪುಟಗಳು ನನಗೆ ಚೆನ್ನಾಗಿ ನೆನಪಿವೆ.

2024ರ ನವೆಂಬರ್‌ನಲ್ಲಿ ಹರಾಜಿನ ಆ ಇಬ್ಬರು ಎದುರಾಳಿಗಳೇ ಒಂದಾದರು. ರಿಲಯನ್ಸ್ ಮತ್ತು ಡಿಸ್ನಿ ಕೂಡಿ, 70,352 ಕೋಟಿ ರೂಪಾಯಿ ಮೌಲ್ಯ ಕಟ್ಟಿದ ಜಿಯೊಸ್ಟಾರ್ ಹುಟ್ಟಿತು. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಒಂದೇ ಮನೆಯವಾದವು. 2025ರ ಫೆಬ್ರುವರಿಯಲ್ಲಿ ಅದರ ಆ್ಯಪ್ ಜಿಯೊಹಾಟ್‌ಸ್ಟಾರ್ ಬಂದಾಗ ಜಾಹೀರಾತು ಸಹಿತ ಮೊಬೈಲ್ ಪ್ಲಾನ್ ಮೂರು ತಿಂಗಳಿಗೆ 149 ರೂಪಾಯಿ. 2019ರಲ್ಲಿ ಕೇಬಲ್‌ಗೆ ನಿಗದಿಯಾಗಿದ್ದ ಒಂದು ತಿಂಗಳ ಮೂಲ ಶುಲ್ಕಕ್ಕೂ ಅದು ಸಾಲದು. ಕೇಬಲ್ ದರಕ್ಕೆ ಟ್ರಾಯ್‌ನ ಲಗಾಮು ಇದೆ, ಆ್ಯಪ್‌ನ ದರಕ್ಕೆ ಇಲ್ಲ. ಒಂದೇ ಕಂಪನಿ ಒಂದು ಕೈಯಿಂದ ಅಣ್ಣನಿಗೆ ಧಾರಾವಾಹಿ ಮಾರಿ, ಇನ್ನೊಂದು ಕೈಯಿಂದ ಅದೇ ಧಾರಾವಾಹಿಯನ್ನು ಅವರ ಗ್ರಾಹಕರಿಗೆ ನೇರವಾಗಿ ಕೊಡುತ್ತಿದೆ. ಇದು ನ್ಯಾಯವಲ್ಲ ಎಂದೇ ನನಗೆ ಅನ್ನಿಸುತ್ತದೆ.

ಈ ಕುಟುಂಬದ ಜಾಲದಲ್ಲಿ ಬಾಕ್ಸ್ ಕೂರಿಸಿದ ವರ್ಷ ಇದ್ದ ಮನೆಗಳಲ್ಲಿ ಈಗ ಅರ್ಧಕ್ಕಿಂತ ಕಡಿಮೆ ಉಳಿದಿವೆ. ದೇಶದ ಲೆಕ್ಕವೂ ಅದೇ ದಿಕ್ಕಿನದು. ಕೇಬಲ್ ವಿತರಕರ ಒಕ್ಕೂಟ 2025ರಲ್ಲಿ ಹೊರತಂದ ವರದಿಯ ಪ್ರಕಾರ ಹಣ ಕೊಟ್ಟು ಟಿವಿ ನೋಡುವ ಮನೆಗಳು 2018ರಲ್ಲಿ 15.1 ಕೋಟಿ ಇದ್ದದ್ದು 2024ಕ್ಕೆ 11.1 ಕೋಟಿಗೆ ಇಳಿದಿವೆ. ಉತ್ತರದ ರಾಜ್ಯಗಳಲ್ಲಿ ಬಹಳ ಮನೆಗಳು ಉಚಿತವಾದ ಡಿಡಿ ಫ್ರೀ ಡಿಶ್‌ಗೆ ಹೋದವು. ಅದರಲ್ಲಿ ಹಿಂದಿಯೇ ಹೆಚ್ಚಾದ್ದರಿಂದ ನಮ್ಮ ಕಡೆ ಅದರ ಸೆಳೆತ ಕಡಿಮೆ. ಇಲ್ಲಿ ಬಿಟ್ಟವರು ಬಹುಮಟ್ಟಿಗೆ ಮೊಬೈಲ್‌ಗೆ ಹೋದವರು.

ಬರ್ಬ್ಯಾಂಕ್‌ನ ಪುಸ್ತಕ

ಇನ್ನು ಸಮುದ್ರದಾಚೆಯ ಪಾಲು, ವಾರ್ನರ್ ಸ್ಟುಡಿಯೊ ಇರುವ ಬರ್ಬ್ಯಾಂಕ್‌ನದು. ಅಮೆರಿಕದ ಕೇಬಲ್ ಮನೆ ತಿಂಗಳ ಬಿಲ್ಲಿನಲ್ಲಿ ಪ್ರತಿ ವಾಹಿನಿಗೂ ಇಂತಿಷ್ಟು ಎಂದು ತೆರುತ್ತದೆ, ನೋಡಲಿ ಬಿಡಲಿ. ಡಿಸ್ನಿಯ ಕ್ರೀಡಾ ವಾಹಿನಿ ಇಎಸ್‌ಪಿಎನ್ 2011ರಲ್ಲಿ ಸುಮಾರು 10 ಕೋಟಿ ಮನೆಗಳಲ್ಲಿತ್ತು. ಆಟವೆಂದರೆ ಮುಖ ತಿರುಗಿಸುವ ಅಜ್ಜಿಯೂ ಅದಕ್ಕೆ ಪ್ರತಿ ತಿಂಗಳು ಹಣ ಕೊಡುತ್ತಿದ್ದಳು. ಸ್ಟುಡಿಯೊಗಳ ದೊಡ್ಡ ಲಾಭ ಬರುತ್ತಿದ್ದದ್ದು ಸಿನಿಮಾ ಟಿಕೆಟ್‌ನಿಂದ ಎಂದು ನಾವು ತಿಳಿದಿರುತ್ತೇವೆ. ಆದರೆ ಡಿಸ್ನಿ, ವಾರ್ನರ್‌ನ ಆಗಿನ ಒಡೆಯ ಕಂಪನಿ ಟೈಮ್ ವಾರ್ನರ್, ವಯಾಕಾಂ ಇವುಗಳಿಗೆ ಹಲವು ವರ್ಷ ಬಹುಪಾಲು ಲಾಭ ತಂದುಕೊಟ್ಟದ್ದು ಕೇಬಲ್ ವಾಹಿನಿಗಳು. ಚಿತ್ರಮಂದಿರದಲ್ಲಿ ಸೋತ ಚಿತ್ರವೂ ಗೆದ್ದ ಚಿತ್ರದ ಜೊತೆ ಕಟ್ಟಿನಲ್ಲಿ ಸೇರಿ ವಾಹಿನಿಗೆ ಮಾರಾಟವಾಗುತ್ತಿತ್ತು.

2015ರ ಆಗಸ್ಟ್‌ನಲ್ಲಿ ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್ ಇಎಸ್‌ಪಿಎನ್ ಮನೆಗಳನ್ನು ಕಳೆದುಕೊಳ್ಳುತ್ತಿದೆ ಎಂದು ಒಪ್ಪಿಕೊಂಡರು. ಮಾಧ್ಯಮ ಕಂಪನಿಗಳ ಷೇರುಗಳು ಒಟ್ಟಾಗಿ ಕುಸಿದವು. ಅಲ್ಲಿಂದ ಮುಂದೆ ನಡೆದದ್ದೆಲ್ಲ ಓಟ. ಡಿಸ್ನಿ 2019ರ ಮಾರ್ಚ್‌ನಲ್ಲಿ ಫಾಕ್ಸ್‌ನ ಸ್ಟುಡಿಯೊ ಮತ್ತು ಇತರ ಆಸ್ತಿಗಳನ್ನು 7,130 ಕೋಟಿ ಡಾಲರ್‌ಗೆ ಕೊಂಡಿತು. ನಮ್ಮ ಸ್ಟಾರ್ ಇಂಡಿಯಾ ಆ ಗಂಟಿನೊಳಗೇ ಇತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಡಿಸ್ನಿ ಪ್ಲಸ್ ಆ್ಯಪ್, ಮುಂದಿನ ಮೇ ತಿಂಗಳಲ್ಲಿ ವಾರ್ನರ್‌ನ ಎಚ್‌ಬಿಒ ಮ್ಯಾಕ್ಸ್ ಬಂದವು. 2021ರಲ್ಲಿ ವಾರ್ನರ್ ತನ್ನ ಇಡೀ ವರ್ಷದ ಚಿತ್ರಗಳನ್ನು ಅಮೆರಿಕದಲ್ಲಿ ಚಿತ್ರಮಂದಿರಕ್ಕೂ ಆ್ಯಪ್‌ಗೂ ಒಂದೇ ದಿನ ಬಿಟ್ಟಿತು.

ಓಡಿದವರಿಗೆಲ್ಲ ಒಂದೇ ತೊಡಕು ಎದುರಾಯಿತು. ಆ್ಯಪ್‌ಗೆ ಹಣ ಕೊಡುವವರು ನೋಡುವವರು ಮಾತ್ರ. ನೋಡಿ ಮುಗಿದ ದಿನ ನಿಲ್ಲಿಸುತ್ತಾರೆ, ನೂಲಿನ ಘಟಕದ ಹುಡುಗ ಐಪಿಎಲ್ ಮುಗಿದ ಮಾರನೆಯ ದಿನ ನಿಲ್ಲಿಸಿದ ಹಾಗೆ. ಅವರನ್ನು ಹಿಡಿದಿಡಲು ಹೊಸದನ್ನು ತಯಾರಿಸುತ್ತಲೇ ಇರಬೇಕು, ಅದಕ್ಕೆ ಹಣ ಬೇಕು, ಆ ಹಣ ಬರುತ್ತಿದ್ದದ್ದೋ ಸೊರಗುತ್ತಿರುವ ಕೇಬಲ್‌ನಿಂದ. ನೆಟ್‌ಫ್ಲಿಕ್ಸ್‌ಗೆ ಈ ತೊಡಕು ಇರಲಿಲ್ಲ, ಏಕೆಂದರೆ ಅದಕ್ಕೆ ಕಾಪಾಡಿಕೊಳ್ಳಬೇಕಾದ ಹಳೆಯ ತಂತಿಯೇ ಇರಲಿಲ್ಲ. 2024ರ ಕೊನೆಗೆ ಅದರ ಚಂದಾದಾರರು 30 ಕೋಟಿ ದಾಟಿದರು.

ಡಿಸ್ಕವರಿ ಕಂಪನಿ 2022ರ ಏಪ್ರಿಲ್‌ನಲ್ಲಿ ಟೆಲಿಫೋನ್ ಕಂಪನಿ ಎಟಿ ಆ್ಯಂಡ್ ಟಿಯಿಂದ ವಾರ್ನರ್ ಅನ್ನು ತನ್ನೊಂದಿಗೆ ಸೇರಿಸಿಕೊಂಡಾಗ ಹೊಸ ಕಂಪನಿಯ ತಲೆಯ ಮೇಲೆ ಸುಮಾರು 5,500 ಕೋಟಿ ಡಾಲರ್ ಸಾಲವಿತ್ತು. ಆ ಆಗಸ್ಟ್‌ನಲ್ಲಿ ಸುಮಾರು 9 ಕೋಟಿ ಡಾಲರ್ ವೆಚ್ಚದ, ಬಹುತೇಕ ಮುಗಿದಿದ್ದ ಒಂದು ಚಿತ್ರವನ್ನು ಅದು ಬಿಡುಗಡೆಯನ್ನೇ ಮಾಡದೆ ನಷ್ಟಕ್ಕೆ ಬರೆಯಿತು. ತೆರಿಗೆಯ ಕೆಲಸ ಮಾಡುವ ನನಗೆ ಆ ಲೆಕ್ಕ ಅರ್ಥವಾಗುತ್ತದೆ. ನೂರಾರು ಜನ ದುಡಿದ ಕೆಲಸ ಒಬ್ಬ ಪ್ರೇಕ್ಷಕನ ಕಣ್ಣಿಗೂ ಬೀಳದೆ ಪುಸ್ತಕದ ಒಂದು ಸಾಲಿನಲ್ಲಿ ಕೊನೆಯಾದದ್ದನ್ನು ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. 2024ರ ಆಗಸ್ಟ್‌ನಲ್ಲಿ ಅದೇ ಕಂಪನಿ ತನ್ನ ಕೇಬಲ್ ವಾಹಿನಿಗಳ ಮೌಲ್ಯವನ್ನು 910 ಕೋಟಿ ಡಾಲರ್‌ನಷ್ಟು ಇಳಿಸಿ ಬರೆಯಿತು. ಅದೇ ವಾರ ಇನ್ನೊಂದು ಸ್ಟುಡಿಯೊ ಕಂಪನಿ ಪ್ಯಾರಮೌಂಟ್ ಕೂಡ ಸುಮಾರು 600 ಕೋಟಿ ಡಾಲರ್ ಇಳಿಸಿತು. ಆ ನವೆಂಬರ್‌ನಲ್ಲಿ ಕಾಮ್‌ಕಾಸ್ಟ್ ತನ್ನ ಬಹುತೇಕ ಕೇಬಲ್ ವಾಹಿನಿಗಳನ್ನು ಬೇರೆ ಕಂಪನಿ ಮಾಡುವುದಾಗಿ ಹೇಳಿತು. ಯೂನಿವರ್ಸಲ್ ಸ್ಟುಡಿಯೊ ತನ್ನಲ್ಲೇ ಉಳಿಯಿತು. ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಟಿವಿ ಪರದೆಯ ಮೇಲಿನ ಒಟ್ಟು ವೀಕ್ಷಣೆಯಲ್ಲಿ ಸ್ಟ್ರೀಮಿಂಗ್‌ನ ಪಾಲು ಶೇ 44.8ಕ್ಕೆ ಏರಿ, ಕೇಬಲ್ ಮತ್ತು ಸಾಮಾನ್ಯ ಪ್ರಸಾರ ಎರಡನ್ನೂ ಕೂಡಿಸಿದ್ದಕ್ಕಿಂತ ಮೊದಲ ಬಾರಿಗೆ ಹೆಚ್ಚಾಯಿತು ಎಂದು ವೀಕ್ಷಣೆ ಅಳೆಯುವ ಕಂಪನಿ ನೀಲ್ಸನ್ ಲೆಕ್ಕ ಕೊಟ್ಟಿತು.

ಕನ್ನಡ ನಿರ್ಮಾಪಕರ ಅಳಲೂ ಇದೇ ಬೇರಿನದು. ಸ್ಯಾಟಲೈಟ್ ಹಕ್ಕಿಗೆ ವಾಹಿನಿಗಳು ಕೊಡುತ್ತಿದ್ದ ಹಣ ಮಧ್ಯಮ ಬಜೆಟ್ಟಿನ ಚಿತ್ರಕ್ಕೆ ಊರುಗೋಲಾಗಿತ್ತು. ಆ ಊರುಗೋಲಿನ ಒಂದು ತುದಿ ನಮ್ಮ ಅಣ್ಣನ ಕಾರ್ಡುಗಳಲ್ಲಿ ಇತ್ತು.

ಎಚ್‌ಬಿಒ ವಾಹಿನಿ ಭಾರತದಲ್ಲಿ 2020ರ ಡಿಸೆಂಬರ್ 15ಕ್ಕೆ ನಿಂತುಹೋಯಿತು. ಅವತ್ತು ಶಿಡ್ಲಘಟ್ಟದಿಂದ ಎಷ್ಟು ದೂರುಗಳು ಬಂದವು ಎಂದು ಕೇಳಿದೆ. ಒಂದೇ ಒಂದು ಫೋನ್ ಬಂತಂತೆ, ಕಾಲೇಜಿನ ಇಂಗ್ಲಿಷ್ ಮೇಷ್ಟರದು. ಹಣ ಮಾತ್ರ ಅನಲಾಗ್ ಕಾಲದುದ್ದಕ್ಕೂ ಎಲ್ಲ ಮನೆಗಳಿಂದಲೂ ಹೋಗಿತ್ತು.

ಸಾಲ ಯಾರ ತಲೆಗೆ

ಪಾಲಿನ ಕೆಲಸದಲ್ಲಿ ಮೂರು ತಿಂಗಳು ನಾವು ನಿಂತದ್ದು ಒಂದೇ ಪ್ರಶ್ನೆಯಲ್ಲಿ. ಕೋವಿಡ್ ಕಾಲದಲ್ಲಿ ಆನ್‌ಲೈನ್ ತರಗತಿಗಳಿಗಾಗಿ ಮನೆಮನೆಯಲ್ಲೂ ಇಂಟರ್‌ನೆಟ್ ಕೇಳತೊಡಗಿದಾಗ, ತಮ್ಮನ ಒತ್ತಾಯಕ್ಕೆ ಫೈಬರ್ ಎಳೆದಿದ್ದರು. ಅದಕ್ಕೆ ಮನೆಯ ಪತ್ರ ಇಟ್ಟು ಬ್ಯಾಂಕಿನಲ್ಲಿ ಸಾಲ ಮಾಡಿದ್ದರು. ಕೇಬಲ್ ಬಿಟ್ಟ ಎಷ್ಟೋ ಮನೆಗಳು ಇವರದೇ ಫೈಬರ್‌ಗೆ ಬಂದವು. ಸ್ಟ್ರೀಮಿಂಗ್ ಒಂದು ಕೈಯಿಂದ ಕಸಿದದ್ದರಲ್ಲಿ ಒಂದಿಷ್ಟನ್ನು ಇನ್ನೊಂದು ಕೈಗೆ ಕೊಟ್ಟಿತ್ತು. ಸಾಲದ ಕಂತು ಬಾಕಿ ಇತ್ತು.

ಆ ಸಾಲವನ್ನು ತಾನೇ ಹೊರುತ್ತೇನೆ ಎಂದರು ಅಣ್ಣ. "ಬ್ಯಾಂಕಿನವರು ಸಾಲ ಕೊಟ್ಟದ್ದು ಕೇಬಲ್ ಕಲೆಕ್ಷನ್ ನೋಡಿ ಸಾರ್. ಕೇಬಲ್ಲೇ ತೀರಿಸಲಿ. ಇವನ ಮಕ್ಕಳು ಇನ್ನೂ ಚಿಕ್ಕವರು." ತಮ್ಮ ತಲೆ ತಗ್ಗಿಸಿ ಕೂತಿದ್ದರು.

ವಾರ್ನರ್‌ನ ಜೂನ್ ಯೋಜನೆಯೂ ಇದೇ ಆಗಿತ್ತು. ಆಗ ಉಳಿದಿದ್ದ 3,500 ಕೋಟಿ ಡಾಲರ್‌ಗೂ ಹೆಚ್ಚಿನ ಸಾಲದಲ್ಲಿ ಬಹುಪಾಲನ್ನು ಕೇಬಲ್ ವಾಹಿನಿಗಳ ಕಂಪನಿ ಹೊರಬೇಕು. ಸ್ಟುಡಿಯೊ ಹಗುರಾಗಿ ಮುಂದೆ ಹೋಗಬೇಕು. ಇದರ ಹಿಂದಿನ ತರ್ಕವನ್ನು ತಳ್ಳಿಹಾಕುವಂತಿಲ್ಲ. ಹಳೆಯ ವ್ಯವಹಾರದಲ್ಲಿ ಹೊಸ ಹೂಡಿಕೆ ಬೇಕಾಗುವುದಿಲ್ಲ, ತಿಂಗಳು ತಿಂಗಳು ನಗದು ಬರುತ್ತದೆ, ಸಾಲ ಕೊಟ್ಟವರಿಗೆ ನಗದು ಕಂಡರೆ ಧೈರ್ಯ. ಆದರೆ ಕಂತು ಕರಗುವುದಿಲ್ಲ, ಮನೆಗಳು ಕರಗುತ್ತವೆ. ಅಣ್ಣನಿಗೆ ಒಂದು ಹಾಳೆಯ ಮೇಲೆ ಬರೆದು ತೋರಿಸಿದೆ: ವರ್ಷಕ್ಕೆ ಹತ್ತರಲ್ಲಿ ಒಂದು ಮನೆ ಬಿಟ್ಟುಹೋದರೂ ಇವತ್ತಿನ ನೂರು ಮನೆ ಐದು ವರ್ಷಕ್ಕೆ ಐವತ್ತೊಂಬತ್ತಾಗುತ್ತದೆ. ಕಂಬದ ಬಾಡಿಗೆ, ಲೈನ್‌ಮನ್‌ನ ಸಂಬಳ ನೂರಕ್ಕೆ ಎಷ್ಟೋ ಐವತ್ತೊಂಬತ್ತಕ್ಕೂ ಅಷ್ಟೇ. ಕಂತು ತಪ್ಪಿದರೆ ಹೋಗುವುದು ಮನೆ, ಅದರಲ್ಲಿ ಇಬ್ಬರ ಸಂಸಾರವೂ ಇದೆ.

ದೊಡ್ಡ ಕಂಪನಿ ಹಾಗೆ ಮಾಡಿದರೆ ನಷ್ಟ ಅನುಭವಿಸುವವರು ಷೇರು ಕೊಂಡವರು ಮತ್ತು ಕೆಲಸ ಕಳೆದುಕೊಳ್ಳುವವರು, ತೀರ್ಮಾನ ಮಾಡಿದವರಲ್ಲ. ಇಲ್ಲಿ ತೀರ್ಮಾನ ಮಾಡುವವರೇ ಆ ಮನೆಯಲ್ಲಿ ಮಲಗುವವರು. ಆಸ್ತಿ ಯಾರದೋ ಸಾಲ ಅವರದು ಎಂದು ನಾನು ಹಟ ಹಿಡಿದೆ. ಕೊನೆಗೆ ಫೈಬರ್‌ನ ಸಾಲ ಫೈಬರ್‌ಗೇ ಎಂದಾಯಿತು. ತಂತಿ ಹಾಯುವ ಕಂಬಗಳು ಎರಡಕ್ಕೂ ಒಂದೇ ಆದ್ದರಿಂದ ಬಾಡಿಗೆ ಅರ್ಧರ್ಧ. ಲೈನ್‌ಮನ್‌ನ ಸಂಬಳವನ್ನು ಇಬ್ಬರೂ ಸಮನಾಗಿ ಕೊಡುವುದು, ಕೆಲಸದಿಂದ ತೆಗೆಯುವ ಮಾತು ಎತ್ತಕೂಡದು ಎಂಬ ಷರತ್ತನ್ನು ಅಣ್ಣ ಬರೆಸಿದರು.

ಡಿಸೆಂಬರ್ 5ರಂದು ನೆಟ್‌ಫ್ಲಿಕ್ಸ್ ವಾರ್ನರ್‌ನ ಸ್ಟುಡಿಯೊ ಮತ್ತು ಎಚ್‌ಬಿಒ ಮ್ಯಾಕ್ಸ್ ಅನ್ನು ಸಾಲವೂ ಸೇರಿ 8,270 ಕೋಟಿ ಡಾಲರ್ ಮೌಲ್ಯಕ್ಕೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಕೇಬಲ್ ವಾಹಿನಿಗಳು ಅದಕ್ಕೆ ಬೇಡವಾಗಿದ್ದವು, ಅವನ್ನು ಮೊದಲೇ ಬೇರ್ಪಡಿಸಬೇಕಿತ್ತು. ಮೂರು ದಿನ ಕಳೆದು ಪ್ಯಾರಮೌಂಟ್ ಇಡೀ ಕಂಪನಿಗೆ ಷೇರಿಗೆ 30 ಡಾಲರ್‌ನಂತೆ ನಗದು ಕೊಡುತ್ತೇನೆ ಎಂದು ನಡುವೆ ಬಂತು. ಇದನ್ನು ಹೇಳಿದಾಗ ಅಣ್ಣನ ಮುಖ ಅರಳಿತು. "ತಂತಿ ಸಮೇತ ಕೊಳ್ಳುವವರೂ ಇದ್ದಾರೆ ಅನ್ನಿ" ಎಂದರು. ಇದ್ದಾರೆ, ನಿಜ. ಪ್ಯಾರಮೌಂಟ್‌ನ ಬಳಿ ಆಗಲೇ ಎಂಟಿವಿ, ನಿಕಲೋಡಿಯನ್ ಇದ್ದವು. ಎರಡು ಸೊರಗಿದ ಜಾಲಗಳನ್ನು ಕೂಡಿಸಿ ಖರ್ಚು ಇಳಿಸುವುದು ಅಂಥವರ ಲೆಕ್ಕ. ಪಕ್ಕದ ಬೀದಿಗಳ ಆಪರೇಟರ್ ವ್ಯವಹಾರ ಬಿಟ್ಟರೆ ಅವರ ಮನೆಗಳನ್ನು ಕೊಳ್ಳಬೇಕೆಂದು ಅಣ್ಣ ಇಟ್ಟುಕೊಂಡಿರುವ ಲೆಕ್ಕವೂ ಅದೇ, ಮತ್ತು ಅದು ತಪ್ಪು ಲೆಕ್ಕವೇನಲ್ಲ.

ಕ್ಯಾಸೆಟ್‌ಗಳು

ಆಸ್ತಿ ಪಟ್ಟಿಯಲ್ಲಿ ನಾನು ಬರೆದಿದ್ದ ಒಂದು ಸಾಲು ಹೀಗಿತ್ತು: "ಹಳೆಯ ಕ್ಯಾಸೆಟ್‌ಗಳು, ಗುಜರಿ, ಮೌಲ್ಯ ಇಲ್ಲ." ಅದು ತಪ್ಪಾಗಿತ್ತು, ಆ ತಪ್ಪು ನನ್ನದು.

ಕಂಟ್ರೋಲ್ ರೂಮಿನ ಅಟ್ಟದಲ್ಲಿ ಎರಡು ಬಗೆಯ ಕ್ಯಾಸೆಟ್‌ಗಳಿದ್ದವು. ಸಿನಿಮಾದವು ಇವರ ಸ್ವತ್ತಲ್ಲ. ಅವಕ್ಕೆ ನಿಜಕ್ಕೂ ಬೆಲೆಯಿಲ್ಲ. ಇನ್ನುಳಿದವು ಅವರ ಸ್ಥಳೀಯ ವಾಹಿನಿಗಾಗಿ ತಮ್ಮನೇ ಭುಜದ ಮೇಲೆ ಕ್ಯಾಮೆರಾ ಹೊತ್ತು ತೆಗೆದವು: ಕರಗ, ಉರುಸು, ಶಾಲಾ ವಾರ್ಷಿಕೋತ್ಸವ, ಗೂಡಿನ ಬೆಲೆ ಕುಸಿದ ವರ್ಷ ರೇಷ್ಮೆ ಬೆಳೆಗಾರರು ಮಾರುಕಟ್ಟೆಯ ಮುಂದೆ ಕೂತ ಧರಣಿ. ಮೊದಲು ವಿಎಚ್‌ಎಸ್, ಆಮೇಲೆ ಮಿನಿ ಡಿವಿ, ಕಡೆಗೆ ಹಾರ್ಡ್ ಡಿಸ್ಕ್. ಶಾಶ್ವತ ನೀರಾವರಿ ಹೋರಾಟದ ಟ್ರ್ಯಾಕ್ಟರ್ ರ‍್ಯಾಲಿ ಆ ಡಿಸ್ಕಿನಲ್ಲಿದೆ.

ನನ್ನ ಕಣ್ಣು ತೆರೆಸಿದ್ದು ವಾರ್ನರ್ ಸಹೋದರರ ಹಳೆಯ ಚರಿತ್ರೆ. 1923ರಲ್ಲಿ ನಾಲ್ವರು ಸಹೋದರರು ಕಟ್ಟಿದ ಆ ಸ್ಟುಡಿಯೊ, ಟಿವಿ ಬಂದು ಚಿತ್ರಮಂದಿರಗಳು ಖಾಲಿಯಾದ ಕಾಲದಲ್ಲಿ, 1956ರಲ್ಲಿ, 1950ಕ್ಕೆ ಮೊದಲಿನ ತನ್ನ ಚಿತ್ರಗಳ ಭಂಡಾರವನ್ನು 2.1 ಕೋಟಿ ಡಾಲರ್‌ಗೆ ಮಾರಿಬಿಟ್ಟಿತು. ಹಳೆಯ ಚಿತ್ರ ಯಾರಿಗೆ ಬೇಕು ಎಂಬ ಯೋಚನೆ. ಕೊಂಡವರು ಅವನ್ನು ಟಿವಿಗೆ ಕೊಟ್ಟು ದುಡಿದರು. ಕೈಯಿಂದ ಕೈಗೆ ಹೋಗಿ ಆ ಭಂಡಾರ 1986ರಲ್ಲಿ ಟೆಡ್ ಟರ್ನರ್ ಪಾಲಾಯಿತು. ಟಿಎನ್‌ಟಿ, ಕಾರ್ಟೂನ್ ನೆಟ್‌ವರ್ಕ್, ಟಿಸಿಎಂ ವಾಹಿನಿಗಳನ್ನು ಅವರು ಕಟ್ಟಿದ್ದು ಹೀಗೆ ಕೈಸೇರಿದ ಹಳೆಯ ಸರಕಿನ ಬಲದಲ್ಲಿ. 1996ರಲ್ಲಿ ಟರ್ನರ್ ಕಂಪನಿ ಟೈಮ್ ವಾರ್ನರ್‌ನಲ್ಲಿ ಸೇರಿದಾಗ, ನಲವತ್ತು ವರ್ಷಗಳ ನಂತರ, ಚಿತ್ರಗಳು ಹುಟ್ಟಿದ ಮನೆಗೆ ಮರಳಿದವು. ಮರಳಿ ತಂದದ್ದು ಕೇಬಲ್. 2025ರ ಪಾಲಿನ ಯೋಜನೆಯಲ್ಲಿ ಆ ಕೇಬಲ್ಲೇ ಬಾಗಿಲ ಹೊರಗೆ ನಿಂತಿತು, ಭಂಡಾರ ಸ್ಟುಡಿಯೊ ಕಡೆಯ ಪಾಲಿನಲ್ಲಿ ಉಳಿಯಿತು. 1956ರಲ್ಲೇ ಇನ್ನೊಂದು ಘಟನೆಯೂ ನಡೆಯಿತು. ಉಳಿದಿರುವ ಮೂವರೂ ಕೂಡಿ ಪಾಲು ಮಾರೋಣ ಎಂದು ಅಣ್ಣಂದಿರನ್ನು ಒಪ್ಪಿಸಿದ ಜ್ಯಾಕ್ ವಾರ್ನರ್ ಗುಟ್ಟಾಗಿ ತನ್ನ ಪಾಲನ್ನು ಮರಳಿ ಕೊಂಡು ಅಧ್ಯಕ್ಷನಾದ. ಹಿರಿಯಣ್ಣ ಹ್ಯಾರಿ ಆಮೇಲೆ ಅವನೊಂದಿಗೆ ಮಾತು ಬಿಟ್ಟ.

ಈ ಕಥೆಯನ್ನು ಇಬ್ಬರಿಗೂ ಹೇಳಿ, ಪಟ್ಟಿಯ ಆ ಸಾಲನ್ನು ಹೊಡೆದು ಹಾಕಿದೆ. ಆಗಲೇ ಮೊದಲ ಬಾರಿಗೆ ಇಬ್ಬರ ದನಿಯೂ ಏರಿತು. ಯೂಟ್ಯೂಬ್‌ನಲ್ಲಿ ಹಾಕುತ್ತೇನೆ, ನನಗೆ ಬೇಕು ಎಂದರು ತಮ್ಮ. ಸಾಲವನ್ನು ನಾನು ಹೊತ್ತಿಲ್ಲವೇ ಎಂಬುದು ಅವರ ವಾದ. "ಕ್ಯಾಸೆಟ್ ಹೋದರೆ ನನ್ನ ವಾಹಿನಿಯಲ್ಲಿ ಚಿನ್ನದಂಗಡಿಯ ಜಾಹೀರಾತು ಬಿಟ್ಟು ಏನು ಉಳಿಯುತ್ತದೆ ಹೇಳು" ಎಂದರು ಅಣ್ಣ. ಇಬ್ಬರದೂ ನಿಜ. ಎರಡು ವಾರ ಅವರು ಬೇರೆ ಬೇರೆ ಬೈಕಿನಲ್ಲಿ ಬಂದರು.

ಕೊನೆಗೆ ಬರೆದ ಕರಾರು ಇದು. ಚಿತ್ರೀಕರಣವೆಲ್ಲ ಇಬ್ಬರ ಜಂಟಿ ಸ್ವತ್ತು, ಒಬ್ಬರೇ ಮಾರುವಂತಿಲ್ಲ. ಡಿಜಿಟಲ್ ಪ್ರತಿ ಮಾಡುವ ಖರ್ಚು ತಮ್ಮನದು. ಅಣ್ಣನ ವಾಹಿನಿಗೆ ಯಾವಾಗ ಬೇಕಾದರೂ ಉಚಿತ. ಯೂಟ್ಯೂಬ್‌ನಿಂದ ಹಣ ಬಂದರೆ ಸಮಪಾಲು. ನಮ್ಮ ಮನೆಯ ತೀರಿಹೋದವರು ಯಾವುದಾದರೂ ಕ್ಯಾಸೆಟ್‌ನಲ್ಲಿದ್ದಾರೆ ಎಂದು ಊರಿನ ಯಾರೇ ಕೇಳಿ ಬಂದರೂ ಆ ಭಾಗವನ್ನು ದುಡ್ಡು ತೆಗೆದುಕೊಳ್ಳದೆ ಕೊಡಬೇಕು. ಕೊನೆಯದನ್ನು ಇಬ್ಬರೂ ಒಟ್ಟಿಗೆ ಹೇಳಿ ಬರೆಸಿದರು.

ಡಿಸೆಂಬರ್ ಕೊನೆಯ ವಾರ ಸಹಿ ಆಯಿತು. ಅದಾದ ಮೇಲೆ ಒಂದು ಭಾನುವಾರ ನಾನು ಶಿಡ್ಲಘಟ್ಟಕ್ಕೆ ಹೋದಾಗ ಕಂಟ್ರೋಲ್ ರೂಮಿನಲ್ಲಿ ಹಳೆಯ ವಿಸಿಆರ್ ಒಂದು ರಿಪೇರಿಯಾಗಿ ಕೂತಿತ್ತು. ಕೆಲವು ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿತ್ತು, ಅವನ್ನು ಬೇರೆ ಇಟ್ಟಿದ್ದರು. ಒಂದು ಕ್ಯಾಸೆಟ್ ಪ್ರತಿಯಾಗಲು ಅದು ಓಡುವಷ್ಟೇ ಹೊತ್ತು ಹಿಡಿಯುತ್ತದೆ, ಮೂರು ಗಂಟೆ. ಪರದೆಯ ಮೇಲೆ ಕರಗದ ರಾತ್ರಿಯ ಜನಜಂಗುಳಿ ಸರಿಯುತ್ತಿತ್ತು. ಅಣ್ಣ ಒಬ್ಬೊಬ್ಬರನ್ನೇ ಬೆರಳು ಮಾಡಿ, ಇವರು ಇಂಥ ಬೀದಿಯ ಇಂಥ ಮನೆಯವರು ಎಂದು ಹೇಳುತ್ತಿದ್ದರು. ಕಾರ್ಡು ಹಿಡಿದು ಸುತ್ತಿದ್ದ ತಮ್ಮ ಒಂದೆರಡು ಕಡೆ ತಿದ್ದಿ, ಲ್ಯಾಪ್‌ಟಾಪ್‌ನಲ್ಲಿ ಬರೆದುಕೊಳ್ಳುತ್ತಿದ್ದರು.